ಎದೆಮಟ್ಟದ ಸೂರು

ಬಂಡಿಯಾಗರದ ಬಂಡೆಗೋಡೆಯ ಕೆಳಗೆ ನಮ್ಮೂರು.
ಊರ ನಡುವೆ ತೊಗುನಾ, ಮಾತಿನ ಮನೆ:
ಗೋಡೆಯಿಲ್ಲ, ಬಾಗಿಲಿಲ್ಲ, ಕಲ್ಲುಕಂಬಗಳ ಮೇಲೆ
ಆಳೆತ್ತರ ಸಜ್ಜೆದಂಟಿನ ಹೊದಿಕೆ.
ಸೂರು ಮಾತ್ರ ಎದೆಮಟ್ಟ.
ಒಳಗೆ ಹೋಗುವವನು ಬಾಗಲೇಬೇಕು,
ಹೋದವನು ಕೂರಲೇಬೇಕು.
ಮಾತು ಬಲ್ಲವರಿಗೆ ಜಗಳವಿಲ್ಲವಂತೆ. ಸುಳ್ಳು.
ಜಗಳವಿದೆ, ಕೂತು ಆಡುತ್ತಾರೆ, ಅಷ್ಟೆ.

ನಾನು ಹೋದದ್ದು ನಿಜವನ್ನು ಕೈಯಲ್ಲಿ ಹಿಡಿದುಕೊಂಡೇ,
ಕೋಲಾ ಬೀಜದ ಹಾಗೆ, ಮುಷ್ಟಿ ಬಿಗಿದು:
ಮೇಲಿನ ಹೊಂಡ ನನ್ನಪ್ಪ ಅಗೆದದ್ದು.
ಬುಟ್ಟಿ ಬುಟ್ಟಿ ಮಣ್ಣು ಹೊತ್ತು ಬಂಡೆಯ ಮೇಲೆ
ಪಾತಿ ಕಟ್ಟಿದವರು ನಾವು.
ಮೊದಲು ನನ್ನ ಈರುಳ್ಳಿ, ಆಮೇಲೆ ಲೋಕ.
ಎದುರಿಗೆ ಒಗೊಬರ. ಅವನ ಮುಷ್ಟಿಯಲ್ಲೂ ಒಂದು ನಿಜ,
ಅದೇ ಹೊಂಡ, ಬೇರೆ ಅಪ್ಪ.

ಮುದುಕ ಯತನು ತೀರ್ಪು ಹೇಳುವವನಲ್ಲ.
ಬಾವೊಬಾಬ್ ನಾರಿನ ಹಗ್ಗ ಹೊಸೆಯುತ್ತ ಕೂತಿರುತ್ತಾನೆ,
ತೊಡೆಯ ಮೇಲೆ ಒಂದು ಎಳೆ, ಬಾಯಲ್ಲಿ ಒಂದು ಪ್ರಶ್ನೆ.
"ಅಗೆಯುವಾಗ ನೀನಿದ್ದೆಯಾ?"
ಹುಟ್ಟಿರಲಿಲ್ಲ.
"ಹಾಗಾದರೆ ಯಾರು ಹೇಳಿದರು?"
ಅಪ್ಪ.
"ಏನಂತ? ಅವನ ಮಾತಲ್ಲೇ ಹೇಳು."
ಬಾಯಿ ತೆರೆದೆ. ಅಪ್ಪನ ದನಿ ಬಂತು,
ಅವನ ಕೆಮ್ಮು ಬಂತು, "ನಾವು ಅಗೆದೆವು" ಅಂತ ಬಂತು.
ನಾವು.
ನಲವತ್ತು ವರ್ಷ ಅದನ್ನು ನಾನು
"ನಾನು" ಎಂದೇ ಕೇಳಿಸಿಕೊಂಡಿದ್ದೆ.
"ನಾವು ಅಂದರೆ ಎಷ್ಟು ಜನ?" ಯತನು ಕೇಳಿದ.

ಸಿಟ್ಟು ಬಂತು. ಎದ್ದೆ. ಧಡ್ ಅಂತ ತೊಲೆ ಬಡಿಯಿತು.
ದಂಟಿನ ಧೂಳು ಎಲ್ಲರ ಮೇಲೂ ಉದುರಿ
ಒಗೊಬರ ಮೊದಲು ನಕ್ಕ, ಆಮೇಲೆ ಮುಂದೆ ಸರಿದು
ನನ್ನ ಹಣೆ ಸವರಿ ನೋಡಿದ. "ರಕ್ತ ಇಲ್ಲ. ಕೂತುಕೋ."
ಅಷ್ಟು ಹತ್ತಿರದಿಂದ ಅವನ ಮುಖ ನೋಡಿದ್ದು
ಇಬ್ಬರೂ ಮೇಕೆ ಕಾಯುತ್ತಿದ್ದಾಗ.

ಆಗ ಅವನು ಕೇಳಿದ, ಗೆಲ್ಲಲಿಕ್ಕಲ್ಲ,
ಅದು ಕೇಳುವ ದನಿಯಲ್ಲೇ ತಿಳಿಯುತ್ತದೆ:
"ನಿಮ್ಮ ಕಣಜದ ಪಕ್ಕ ಹಳೇ ಗುದ್ದಲಿಯೊಂದು ತೂಗುತ್ತದಲ್ಲ,
ಹಿಡಿ ಎಡಗೈಗೆ ಸವೆದದ್ದು.
ನಿಮ್ಮ ಮನೆಯಲ್ಲಿ ಎಡಚರು ಯಾರು?"

ಎಣಿಸಿದೆ. ಅಪ್ಪ, ಅಜ್ಜ, ಚಿಕ್ಕಪ್ಪಂದಿರು. ಯಾರೂ ಇಲ್ಲ.
ಒಗೊಬರ ಕಡ್ಡಿಯಿಂದ ನೆಲ ಗೀರುತ್ತಿದ್ದ, ಎಡಗೈಯಲ್ಲಿ.
ಅವನಪ್ಪನೂ ಹಾಗೇ.
ಕಡ್ಡಿ ತಟಕ್ಕನೆ ನಿಂತಿತು.
ಯತನು ಹಗ್ಗದ ಒಂದು ತುದಿಗೆ ಗಂಟು ಹಾಕಿದ,
ಒಂದೇ ತುದಿಗೆ. "ನಾಳೆ ಗುದ್ದಲಿ ತಾ," ಅಂದ.

ಹೆಂಗಸರಿಗೆ ಆ ಸೂರಿನ ಕೆಳಗೆ ಜಾಗವಿಲ್ಲ.
ಮನೆಗೆ ಬಂದು ಯಾಸಿಗಿಗೆ ಎಲ್ಲ ಹೇಳಿದೆ,
ಹೊಸದೇನೋ ಕಂಡುಹಿಡಿದವನಂತೆ.
ಈರುಳ್ಳಿ ಜಜ್ಜುತ್ತಿದ್ದವಳು ಕೈ ಕೂಡ ತೊಳೆಯದೆ
ಬಲ ಅಂಗೈ ಬಿಡಿಸಿ ತೋರಿಸಿದಳು: ಹೆಬ್ಬೆರಳ ಬುಡದಲ್ಲಿ
ಹುಣಸೆ ಬೀಜದಷ್ಟು ಜಡ್ಡು.
"ಮದುವೆಯಾಗಿ ಬಂದ ವಾರವೇ ಗೊತ್ತಾಯಿತು,
ಆ ಗುದ್ದಲಿ ಈ ಮನೆಯದಲ್ಲ ಅಂತ."
ಹೇಳಲೇ ಇಲ್ಲವಲ್ಲ?
"ಕೇಳಿದೆಯಾ?"

ರಾತ್ರಿ ಹಣೆ ಚುಳುಕ್ ಚುಳುಕ್ ಅನ್ನುತ್ತಿತ್ತು.
ಕಣ್ಣು ಮುಚ್ಚಿದರೆ ಎರಡು ಗುದ್ದಲಿಗಳ ಸದ್ದು,
ಒಂದು ಏಳುವಾಗ ಒಂದು ಬೀಳುತ್ತ.
ಇಕ್ಕಟ್ಟಿನ ಹೊಂಡದಲ್ಲಿ ಪಕ್ಕಪಕ್ಕ ನಿಂತು ಅಗೆಯುವಾಗ
ಇಬ್ಬರಲ್ಲೊಬ್ಬ ಎಡಚನಾದರೆ ಒಳ್ಳೆಯದು,
ಮೊಣಕೈಗೆ ಮೊಣಕೈ ತಾಗುವುದಿಲ್ಲ.

ಬೆಳಿಗ್ಗೆ ಗುದ್ದಲಿ ಹೆಗಲಿಗೇರಿಸಿ ಹೊರಟವನು
ಸೂರಿನ ಅಂಚಿನಲ್ಲಿ, ಬಗ್ಗುವ ಮೊದಲು ನಿಂತೆ.
ಒಳಗಿನಿಂದ ಯತನು: "ಯಾಕೆ, ಬರುವುದಿಲ್ಲವಾ?"
ಬರುತ್ತೇನೆ. ಅದಕ್ಕೂ ಮೊದಲು ಒಂದು ಕೇಳುವುದಿದೆ, ಅಂದೆ.
ಈ ಗುದ್ದಲಿಯನ್ನು ನಮಗೆಲ್ಲರಿಗಿಂತ ಬಲ್ಲವಳು
ಒಬ್ಬಳಿದ್ದಾಳೆ.
ಅವಳು ಎಲ್ಲಿ ಕೂರಬೇಕು?

ಹಗ್ಗ ಹೊಸೆಯುವ ಸದ್ದು ನಿಂತಿತು.